ಗಡಿ ದಾಟುವ ಅಂಚಿನ ರಂಗಭೂಮಿ: ಬ್ರಿಟನ್ನಿನ ಪ್ರಯೋಗಶೀಲ ನಾಟಕ ಮತ್ತು ಅನುವಾದದ ಹೊರೆ

1. ಪ್ರವೇಶ

ಕನ್ನಡದಲ್ಲಿ ಇಂಗ್ಲಿಷ್ ನಾಟಕದ ಅಧ್ಯಯನವು ಬಹುಮಟ್ಟಿಗೆ ಅನುವಾದ ಮತ್ತು ರೂಪಾಂತರಗಳ ಅಧ್ಯಯನವಾಗಿ ಬೆಳೆದುಬಂದಿದೆ. ನಾಟಕವು ಪಠ್ಯವಾಗಿ ಬರುತ್ತದೆ. ಅದನ್ನು ಬರಮಾಡಿಕೊಂಡ ಭಾಷೆಯು ತನ್ನ ಅಗತ್ಯಕ್ಕೆ ತಕ್ಕಂತೆ ಅದನ್ನು ಬದಲಾಯಿಸಿಕೊಳ್ಳುತ್ತದೆ. ಇಲ್ಲಿ ಅನುವಾದದ ಹೊರೆಯನ್ನು ಹೊರುವುದು ಬರಮಾಡಿಕೊಂಡ ಭಾಷೆ. ಆ ಹೊರೆಯ ಜೊತೆಗೇ ಒಂದು ಸ್ವಾತಂತ್ರ್ಯವೂ ಅದಕ್ಕೆ ದೊರೆಯುತ್ತದೆ. ಊರು, ಹೆಸರು, ಅಂತ್ಯ ಎಲ್ಲವನ್ನೂ ತಿದ್ದುವ ಅಧಿಕಾರ ರೂಪಾಂತರಕಾರನಿಗೆ ಉಂಟು.

ನಾಟಕವು ಪಠ್ಯವಾಗಿ ಬಾರದೆ, ತನ್ನ ನಟರೊಡನೆ ಮತ್ತು ತನ್ನ ಮಾತಿನೊಡನೆ, ಪ್ರಯೋಗವಾಗಿಯೇ ಗಡಿ ದಾಟಿ ಬಂದಾಗ ಈ ಲೆಕ್ಕ ತಲೆಕೆಳಗಾಗುತ್ತದೆ. ಆಗ ಬರಮಾಡಿಕೊಂಡ ಊರಿನ ಪ್ರೇಕ್ಷಕನಿಗೆ ತಿದ್ದುವ ಅಧಿಕಾರವಿಲ್ಲ. ಅರ್ಥಮಾಡಿಕೊಳ್ಳುವ ಹೊರೆ ಮಾತ್ರ ಉಳಿಯುತ್ತದೆ. ಕಳೆದ ಆರು ದಶಕಗಳಲ್ಲಿ ಬ್ರಿಟನ್ನಿನ ‘ಫ್ರಿಂಜ್’ ರಂಗಭೂಮಿ ಯುರೋಪು ಮತ್ತು ಅದರಾಚೆಯ ದೇಶಗಳಲ್ಲಿ ನಡೆಸಿರುವ ಸಂಚಾರವು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಎದುರಿಗೆ ತಂದಿದೆ. ಇಂಗ್ಲಿಷಿನಲ್ಲಿ ಆಡುವ ನಾಟಕವು ಇಂಗ್ಲಿಷ್ ತನ್ನದಲ್ಲದ ಪ್ರೇಕ್ಷಕನ ಮುಂದೆ ನಿಂತಾಗ ಅನುವಾದದ ಹೊರೆ ಯಾರದು?

ಪ್ರಸ್ತುತ ಲೇಖನವು ಈ ಪ್ರಶ್ನೆಯನ್ನು ಮುಖ್ಯವಾಗಿ ಮೂರು ಪ್ರಯೋಗಗಳ ಮೂಲಕ ಪರಿಶೀಲಿಸುತ್ತದೆ: ಟಿಮ್ ಕ್ರೌಚ್ ಅವರ ‘ಆನ್ ಓಕ್ ಟ್ರೀ’ (2005) ಮತ್ತು ‘ಇಂಗ್ಲೆಂಡ್’ (2007), ಫೋರ್ಸ್ಡ್ ಎಂಟರ್‌ಟೈನ್‌ಮೆಂಟ್ ತಂಡದ ‘ಅಂಡ್ ಆನ್ ದ ಥೌಸಂಡ್ತ್ ನೈಟ್’ (2000). ಈ ಪ್ರಯೋಗಗಳಲ್ಲಿ ಸಂಚಾರವೆಂಬುದು ನಾಟಕ ಸಿದ್ಧವಾದ ಮೇಲೆ ನಡೆಯುವ ಹೊರಗಿನ ವ್ಯವಹಾರವಾಗಿ ಉಳಿಯದೆ ರಚನೆಯ ಒಳಗೇ ಸೇರಿಕೊಂಡಿದೆ. ಪ್ರೇಕ್ಷಕನಿಗೆ ದಕ್ಕದೆ ಉಳಿಯುವುದನ್ನು ಮುಚ್ಚುವ ಪ್ರಯೋಗಕ್ಕಿಂತ, ಆ ದಕ್ಕದಿರುವಿಕೆಯನ್ನೇ ರಂಗದ ವಸ್ತುವಾಗಿಸಿಕೊಳ್ಳುವ ಪ್ರಯೋಗವು ಪರದೇಶದ ಪ್ರೇಕ್ಷಕನೊಡನೆ ಹೆಚ್ಚು ಪ್ರಾಮಾಣಿಕವಾದ ಸಂಬಂಧವನ್ನು ಸ್ಥಾಪಿಸುತ್ತದೆ ಎಂಬುದು ಲೇಖನದ ನಿಲುವು.

2. ‘ಫ್ರಿಂಜ್’: ಪದ ಮತ್ತು ಚರಿತ್ರೆ

‘ಫ್ರಿಂಜ್’ ಎಂದರೆ ಬಟ್ಟೆಯ ಅಂಚು, ಅಂಚಿನ ಕುಚ್ಚು. ರಂಗಭೂಮಿಯ ಸಂದರ್ಭದಲ್ಲಿ ಈ ಪದ ಹುಟ್ಟಿದ್ದು ಸ್ಕಾಟ್‌ಲೆಂಡಿನ ಎಡಿನ್‌ಬರೋದಲ್ಲಿ. 1947ರಲ್ಲಿ ಅಲ್ಲಿ ಅಂತರರಾಷ್ಟ್ರೀಯ ಉತ್ಸವ ಆರಂಭವಾದಾಗ ಎಂಟು ನಾಟಕ ತಂಡಗಳು ಆಹ್ವಾನವಿಲ್ಲದೆಯೇ ಬಂದು, ಊರಿನ ಬೇರೆಡೆಗಳಲ್ಲಿ ತಮ್ಮ ಪಾಡಿಗೆ ನಾಟಕವಾಡಿದವು. ಮರುವರ್ಷ, 1948ರಲ್ಲಿ, ರಾಬರ್ಟ್ ಕೆಂಪ್ ಎಂಬ ಲೇಖಕರು ಪತ್ರಿಕಾ ಬರಹವೊಂದರಲ್ಲಿ ಅಧಿಕೃತ ಉತ್ಸವದ ಸುತ್ತಲಿನ ಈ ಚಟುವಟಿಕೆಗೆ ‘ಫ್ರಿಂಜ್’ ಎಂಬ ಪದವನ್ನು ಬಳಸಿದರು. 1958ರಲ್ಲಿ ಫ್ರಿಂಜ್ ಸೊಸೈಟಿ ರೂಪುಗೊಂಡಿತು. ನಾಟಕಗಳನ್ನು ಆಯ್ಕೆ ಮಾಡುವ ಸಮಿತಿಯಿಲ್ಲದಿರುವುದು, ಬಂದವರಿಗೆಲ್ಲ ಅವಕಾಶವಿರುವುದು ಅದರ ಮೂಲತತ್ವ. 2019ರ ಹೊತ್ತಿಗೆ ಒಂದು ಆಗಸ್ಟ್ ತಿಂಗಳಲ್ಲಿ ಅಲ್ಲಿ 3,800ಕ್ಕೂ ಹೆಚ್ಚು ಪ್ರದರ್ಶನಗಳು ನಡೆಯುವಷ್ಟು ಈ ಅಂಚು ಹಿಗ್ಗಿತ್ತು. ಕರೆಯದೆ ಬಂದವರ ಉತ್ಸವವು ಕರೆದವರ ಉತ್ಸವಕ್ಕಿಂತ ದೊಡ್ಡದಾಯಿತು.

ಈ ಬೆಳವಣಿಗೆಯಲ್ಲಿ ಕಾನೂನಿನ ಪಾತ್ರವೂ ಗಮನಾರ್ಹವಾದುದು. ಬ್ರಿಟನ್ನಿನಲ್ಲಿ 1737ರಿಂದ 1968ರವರೆಗೆ, ಸಾರ್ವಜನಿಕವಾಗಿ ಆಡುವ ಹೊಸ ನಾಟಕದ ಹಸ್ತಪ್ರತಿಯನ್ನು ಲಾರ್ಡ್ ಚೇಂಬರ್ಲಿನ್ ಎಂಬ ಅಧಿಕಾರಿಯ ಕಚೇರಿಗೆ ಮೊದಲೇ ಒಪ್ಪಿಸಿ ಪರವಾನಗಿ ಪಡೆಯಬೇಕಿತ್ತು. ನಿಷಿದ್ಧ ವಿಷಯಗಳನ್ನು ತಡೆಯುವುದಷ್ಟೇ ಈ ವ್ಯವಸ್ಥೆಯ ಪರಿಣಾಮವಾಗಿರಲಿಲ್ಲ. ನಾಟಕವೆಂದರೆ ಮೊದಲೇ ಬರೆದು ಮುಗಿಸಿದ ಪಠ್ಯ ಎಂಬ ಕಲ್ಪನೆಯನ್ನೂ ಅದು ಗಟ್ಟಿಗೊಳಿಸಿತ್ತು. ನಟರು ರಂಗದ ಮೇಲೆ ಆ ಕ್ಷಣದಲ್ಲಿ ಹುಟ್ಟಿಸುವ ಮಾತಿಗೆ ಪರವಾನಗಿ ದೊರೆಯುವ ದಾರಿಯೇ ಇರಲಿಲ್ಲ. 1968ರ ಥಿಯೇಟರ್ಸ್ ಕಾಯಿದೆಯು ಈ ಪೂರ್ವಪರಿಶೀಲನೆಯನ್ನು ರದ್ದುಗೊಳಿಸಿತು. ಪಠ್ಯಕ್ಕಿಂತ ಘಟನೆಗೆ, ಪೂರ್ವನಿಶ್ಚಿತ ಸಂಭಾಷಣೆಗಿಂತ ಆಯಾ ಸಂಜೆಯ ಮುಖಾಮುಖಿಗೆ ಒತ್ತು ಕೊಡುವ ತಂಡಗಳು ಅನಂತರ ಸರಾಗವಾಗಿ ಬೆಳೆಯುವುದು ಸಾಧ್ಯವಾಯಿತು. ಮುಂದೆ ಚರ್ಚಿಸಲಿರುವ ಪ್ರಯೋಗಗಳು ಈ ಪರಂಪರೆಗೇ ಸೇರಿದವು.

3. ಸಂಚಾರದ ದಾರಿಗಳು

ಫ್ರಿಂಜ್ ತಂಡಗಳ ವಿದೇಶ ಸಂಚಾರದ ಆರಂಭದ ಹಂತದಲ್ಲಿ ನೆದರ್‌ಲೆಂಡ್ಸಿನ ಮಿಕರಿ ರಂಗಮಂದಿರದ ಸ್ಥಾನ ದೊಡ್ಡದು. ರಿಟ್ಸಾರ್ಟ್ ಟೆನ್ ಕಾಟೆ ಅವರು 1965ರಲ್ಲಿ ಲೂನರ್‌ಸ್ಲೂಟ್ ಎಂಬ ಹಳ್ಳಿಯ ತೋಟದ ಮನೆಯಲ್ಲಿ ಇದನ್ನು ಆರಂಭಿಸಿದರು. 1972ರಲ್ಲಿ ಅದು ಆಮ್‌ಸ್ಟರ್‌ಡ್ಯಾಮಿಗೆ ಸ್ಥಳಾಂತರಗೊಂಡು 1991ರವರೆಗೆ ಕೆಲಸಮಾಡಿತು. ಪೀಪಲ್ ಶೋ, ಪಿಪ್ ಸಿಮನ್ಸ್ ತಂಡ ಮೊದಲಾದ ಬ್ರಿಟಿಷ್ ತಂಡಗಳಿಗೆ ಅದು ಆಶ್ರಯವಾಯಿತು. ನಾತ್ಸಿ ಯಾತನಾಶಿಬಿರದ ಬಂದಿಗಳ ವಾದ್ಯಮೇಳವನ್ನು ವಸ್ತುವಾಗುಳ್ಳ ಪಿಪ್ ಸಿಮನ್ಸ್ ತಂಡದ ‘ಆನ್ ಡೀ ಮ್ಯೂಸಿಕ್’ (1975) ಮಿಕರಿಯ ಬೆಂಬಲದಿಂದ ಸಿದ್ಧವಾದ ಪ್ರಯೋಗ. ತವರಿನಲ್ಲಿ ಅಂಚಿನಲ್ಲಿದ್ದ ತಂಡಗಳು ಹೊರಗೆ ಕೇಂದ್ರಕ್ಕೆ ಬರುವ ವೈಚಿತ್ರ್ಯ ಇಲ್ಲಿಂದಲೇ ಆರಂಭವಾಗುತ್ತದೆ.

ಎರಡನೆಯ ಹಂತದಲ್ಲಿ ಈ ಸಂಚಾರಕ್ಕೆ ಸಾಂಸ್ಥಿಕ ರೂಪ ಬಂದಿತು. 1997ರಿಂದ ಬ್ರಿಟಿಷ್ ಕೌನ್ಸಿಲ್ ಎರಡು ವರ್ಷಕ್ಕೊಮ್ಮೆ ಎಡಿನ್‌ಬರೋದಲ್ಲಿ ಪ್ರಯೋಗಗಳ ಆಯ್ದ ಪಟ್ಟಿಯೊಂದನ್ನು ವಿದೇಶಿ ಉತ್ಸವ ನಿರ್ದೇಶಕರ ಮುಂದಿಡುವ ವ್ಯವಸ್ಥೆಯನ್ನು ಆರಂಭಿಸಿತು. ಆಯ್ಕೆಯೇ ಇಲ್ಲವೆಂಬ ತತ್ವದ ಮೇಲೆ ನಿಂತ ಉತ್ಸವದೊಳಗೆ ರಫ್ತಿಗಾಗಿ ಆಯ್ಕೆ ಮಾಡುವ ಮತ್ತೊಂದು ಉತ್ಸವ ಹೀಗೆ ಸೇರಿಕೊಂಡಿತು. ‘ಅಂಚು’ ಎಂಬುದು ಇನ್ನು ಮುಂದೆ ಕೇವಲ ಪ್ರತಿಭಟನೆಯ ಸ್ಥಾನವಾಗಿ ಉಳಿಯಲಿಲ್ಲ. ರಾಷ್ಟ್ರವೊಂದರ ಸಾಂಸ್ಕೃತಿಕ ಪ್ರತಿಷ್ಠೆಯ ಸರಕೂ ಆಯಿತು. ಈ ದ್ವಂದ್ವವನ್ನು ಮರೆತು ಫ್ರಿಂಜ್ ಸಂಚಾರದ ವಿಮರ್ಶೆ ಸಾಧ್ಯವಿಲ್ಲ.

4. ಭಾಷೆಯ ಅಡ್ಡಿಗೆ ಮೂರು ಉತ್ತರಗಳು

ಪರಭಾಷೆಯ ಪ್ರೇಕ್ಷಕರ ಮುಂದೆ ನಿಲ್ಲುವ ತಂಡಗಳು ಭಾಷೆಯ ಅಡ್ಡಿಗೆ ಕಂಡುಕೊಂಡ ಉತ್ತರಗಳನ್ನು ಸ್ಥೂಲವಾಗಿ ಮೂರಾಗಿ ವಿಂಗಡಿಸಬಹುದು.

ಮೊದಲನೆಯದು ರಂಗದ ಮೇಲ್ಭಾಗದಲ್ಲಿ ಅನುವಾದವನ್ನು ಅಕ್ಷರಗಳಲ್ಲಿ ಮೂಡಿಸುವ ಮೇಲ್ಬರಹ. ಇದು ಅರ್ಥವನ್ನು ತಲುಪಿಸುತ್ತದೆ. ಆದರೆ ಪ್ರೇಕ್ಷಕನ ಕಣ್ಣನ್ನು ನಟನಿಂದ ಬೇರೆಡೆಗೆ ಸೆಳೆಯುತ್ತದೆ. ಅಲ್ಲದೆ ಮೇಲ್ಬರಹಕ್ಕೆ ಮೊದಲೇ ನಿಶ್ಚಿತವಾದ ಪಠ್ಯ ಬೇಕು. ಆಯಾ ಸಂಜೆ ಹುಟ್ಟುವ ಮಾತನ್ನು ನೆಚ್ಚಿಕೊಂಡ ಪ್ರಯೋಗಕ್ಕೆ ಅದು ಸುಲಭವಾಗಿ ಹೊಂದುವುದಿಲ್ಲ.

ಎರಡನೆಯದು ಮಾತಿನ ಜೊತೆಗೆ ದೇಹ, ಚಿತ್ರ, ಧ್ವನಿಗಳಿಗೆ ಅರ್ಥದ ಭಾರವನ್ನು ಹಂಚುವ ಕ್ರಮ. 1983ರಲ್ಲಿ ಆರಂಭವಾಗಿ, 1985ರಲ್ಲಿ ಎಡಿನ್‌ಬರೋದ ಪೆರಿಯೆ ಹಾಸ್ಯ ಪ್ರಶಸ್ತಿ ಪಡೆದ ಕಾಂಪ್ಲಿಸಿಟೆ ತಂಡ ಈ ಮಾರ್ಗದ್ದು. ಮುಂದೆ ಮುಖ್ಯವಾಹಿನಿಗೆ ಸೇರಿದ ಈ ತಂಡದ ‘ಎ ಡಿಸಪಿಯರಿಂಗ್ ನಂಬರ್’ (2007) ಭಾರತಕ್ಕೆ ನೇರವಾಗಿ ಸಂಬಂಧಿಸಿದ ಕೃತಿ. ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಮತ್ತು ಕೇಂಬ್ರಿಡ್ಜಿನ ಜಿ. ಎಚ್. ಹಾರ್ಡಿಯವರ ಸಂಬಂಧವನ್ನು ಅದು ವರ್ತಮಾನದ ಕತೆಯೊಂದರ ಜೊತೆಗೆ ಹೆಣೆಯುತ್ತದೆ. ಆರಂಭದಲ್ಲಿಯೇ ಪಾತ್ರಧಾರಿಯೊಬ್ಬ ಮುಂದೆ ಬಂದು, ತಾವೆಲ್ಲ ನಟರು, ಗೋಡೆ ಬಾಗಿಲುಗಳೆಲ್ಲ ಸೋಗು, ಇಲ್ಲಿ ನಿಜವಾದುದು ಗಣಿತ ಮಾತ್ರ ಎಂಬರ್ಥದ ಮಾತಾಡುತ್ತಾನೆ. 2010ರ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ ಗಣಿತಜ್ಞರ ಅಂತರರಾಷ್ಟ್ರೀಯ ಸಮ್ಮೇಳನ ನಡೆದಾಗ ಈ ನಾಟಕವನ್ನು ಅಲ್ಲಿ ಆಡಲಾಯಿತು. ರಂಗದ ಮೇಲಿನ ಸೂತ್ರಗಳನ್ನು ನಟರಿಗಿಂತ ಪ್ರೇಕ್ಷಕರೇ ಚೆನ್ನಾಗಿ ಬಲ್ಲ ಅಪರೂಪದ ಸಂದರ್ಭವದು. ಭಾಷೆಯ ಯಜಮಾನಿಕೆ ಅಂದು ಸಭಾಂಗಣದ ಕಡೆಗೆ ವಾಲಿತ್ತು. ಆದರೆ ಅದು ಆ ಸಭೆಯ ವಿಶೇಷವೇ ಹೊರತು ನಾಟಕದ ರಚನೆಯ ಗುಣವಲ್ಲ. ಬೇರೆ ಸಭೆಯಲ್ಲಿ ಅದೇ ಸೂತ್ರಗಳು ಮತ್ತೊಂದು ಪರಭಾಷೆಯಾಗುತ್ತವೆ.

ಮೂರನೆಯ ಕ್ರಮವು ಅಡ್ಡಿಯನ್ನು ನಿವಾರಿಸಲು ಹೋಗುವುದಿಲ್ಲ. ಅದನ್ನು ನಾಟಕದ ನಿಯಮವಾಗಿ ಅಂಗೀಕರಿಸುತ್ತದೆ. ಲೇಖನದ ಮುಖ್ಯ ಆಸಕ್ತಿ ಇರುವುದು ಇಲ್ಲಿ.

5. ಸ್ಥಳೀಯ ನಟನ ಪ್ರವೇಶ: ‘ಆನ್ ಓಕ್ ಟ್ರೀ’

‘ಆನ್ ಓಕ್ ಟ್ರೀ’ ಎರಡು ಪಾತ್ರಗಳ ನಾಟಕ. ಸಮ್ಮೋಹನ ವಿದ್ಯೆಯ ಪ್ರದರ್ಶಕನೊಬ್ಬ ತನ್ನ ಕಾರಿಗೆ ಸಿಕ್ಕಿ ಒಬ್ಬ ಹುಡುಗಿ ಸತ್ತ ಮೇಲೆ ತನ್ನ ವಿದ್ಯೆಯನ್ನೇ ಕಳೆದುಕೊಂಡಿದ್ದಾನೆ. ಆ ಹುಡುಗಿಯ ತಂದೆ ಅವನ ಪ್ರದರ್ಶನಕ್ಕೆ ಬರುತ್ತಾನೆ. ಅಪಘಾತ ನಡೆದ ಸ್ಥಳದ ಮರವೊಂದು ಈಗ ತನ್ನ ಮಗಳಾಗಿದೆ ಎಂಬುದು ತಂದೆಯ ನಂಬಿಕೆ. ಸಮ್ಮೋಹಕನ ಪಾತ್ರವನ್ನು ಕ್ರೌಚ್ ಅವರೇ ನಿರ್ವಹಿಸುತ್ತಾರೆ. ತಂದೆಯ ಪಾತ್ರಕ್ಕೆ ಪ್ರತಿ ಪ್ರದರ್ಶನದಲ್ಲಿಯೂ ಹೊಸ ನಟ ಅಥವಾ ನಟಿ. ಅವರು ನಾಟಕವನ್ನು ನೋಡಿರಬಾರದು, ಓದಿರಬಾರದು. ರಂಗದ ಮೇಲೆ ಕೈಗೆ ಬರುವ ಹಾಳೆಗಳು, ಕಿವಿಗೆ ಹಾಕಿದ ಸಾಧನದಲ್ಲಿ ಕೇಳುವ ಸೂಚನೆಗಳು ಇವುಗಳ ಆಧಾರದಿಂದಲೇ ಅವರು ಪಾತ್ರವಾಗಬೇಕು. ಹೀಗೆ ನೂರಾರು ನಟನಟಿಯರು ಈ ಪಾತ್ರವನ್ನು ಹಾದುಹೋಗಿದ್ದಾರೆ.

ಈ ನಿಯಮವು ಸಂಚಾರಕ್ಕೆ ವಿಶಿಷ್ಟವಾದ ಅರ್ಥವನ್ನು ಕೊಡುತ್ತದೆ. ನಾಟಕ ಯಾವ ಊರಿಗೆ ಹೋದರೂ ಅದರ ಅರ್ಧಭಾಗ ಆ ಊರಿನಲ್ಲಿಯೇ ಹುಟ್ಟಬೇಕು. ಪ್ರೇಕ್ಷಕರು ತಮಗೆ ಪರಿಚಿತನಾದ ನಟ ಅಪರಿಚಿತ ಪಠ್ಯವೊಂದರೊಳಗೆ ದಾರಿ ಹುಡುಕುವುದನ್ನು ನೋಡುತ್ತಾರೆ. ನಾಟಕ ಇಂಗ್ಲಿಷಿನಲ್ಲಿ ನಡೆದಾಗ, ಇಂಗ್ಲಿಷ್ ತಾಯಿನುಡಿಯಲ್ಲದ ನಟನ ತಡವರಿಕೆಯೂ ಮಗಳನ್ನು ಕಳೆದುಕೊಂಡ ತಂದೆಯ ದಿಗ್ಭ್ರಮೆಯೂ ಒಂದರೊಳಗೊಂದು ಬೆರೆಯುತ್ತವೆ. ಉಚ್ಚಾರದ ಎಡವಟ್ಟು ಇಲ್ಲಿ ದೋಷವೆನಿಸುವುದಿಲ್ಲ. ಪಾತ್ರದ ಸತ್ಯಕ್ಕೆ ಒದಗುವ ಸಾಮಗ್ರಿಯಾಗುತ್ತದೆ.

ಆದರೆ ಈ ಸಮಾಗಮವನ್ನು ಸಮಾನರ ಸಮಾಗಮವೆಂದು ಸಾರುವುದು ಅವಸರದ ತೀರ್ಮಾನವಾದೀತು. ಪಠ್ಯವನ್ನು ಬಲ್ಲವರು ಒಬ್ಬರೇ. ಸೂಚನೆ ಕೊಡುವವರೂ ಅವರೇ. ಅತಿಥಿ ನಟನ ಕುಶಲವನ್ನು ವಿಚಾರಿಸುವ, ಬಿಡುವಿನ ಮಾತಿನಂತೆ ಕಾಣುವ ಸಂಭಾಷಣೆಗಳಲ್ಲಿಯೂ ಎಷ್ಟೋ ಉತ್ತರಗಳು ಮೊದಲೇ ಬರೆದಿಟ್ಟವು. ಸಮ್ಮತಿಯೂ ಲಿಖಿತವೇ. ನಾಟಕದ ಹೆಚ್ಚಳವಿರುವುದು ಈ ಅಧಿಕಾರವನ್ನು ಅದು ಬಚ್ಚಿಡುವುದಿಲ್ಲ ಎಂಬುದರಲ್ಲಿ. ಸಮ್ಮೋಹಕ ಮತ್ತು ಸಮ್ಮೋಹಿತ ಎಂಬ ವಸ್ತುವೇ, ನಾಟಕಕಾರ ಮತ್ತು ಅತಿಥಿ ನಟ ಎಂಬ ಸಂಬಂಧದ ಕನ್ನಡಿಯಾಗಿದೆ.

6. ಮುಗಿಯದ ಕತೆ: ಬೈರೂತಿನಲ್ಲಿ ‘ಥೌಸಂಡ್ತ್ ನೈಟ್’

ಫೋರ್ಸ್ಡ್ ಎಂಟರ್‌ಟೈನ್‌ಮೆಂಟ್ 1984ರಲ್ಲಿ ಶೆಫೀಲ್ಡಿನಲ್ಲಿ ನೆಲೆಗೊಂಡ ತಂಡ. ಟಿಮ್ ಎಚೆಲ್ಸ್ ಅದರ ಕಲಾ ನಿರ್ದೇಶಕರು. 2016ರಲ್ಲಿ ನಾರ್ವೆಯ ಅಂತರರಾಷ್ಟ್ರೀಯ ಇಬ್ಸೆನ್ ಪ್ರಶಸ್ತಿ ಪಡೆದ ಈ ತಂಡದ ‘ಅಂಡ್ ಆನ್ ದ ಥೌಸಂಡ್ತ್ ನೈಟ್’ ಮೊದಲು ಪ್ರದರ್ಶಿತವಾದದ್ದು ಬ್ರಿಟನ್ನಿನಲ್ಲಲ್ಲ. 2000ದಲ್ಲಿ ಲೆಬನಾನಿನ ಬೈರೂತಿನ ಅಯ್ಲೂಲ್ ಉತ್ಸವದಲ್ಲಿ.

ಇದರ ವಿಧಾನ ಸರಳ. ಕೆಂಪು ನಿಲುವಂಗಿ, ರಟ್ಟಿನ ಕಿರೀಟ ತೊಟ್ಟ ನಟರು ಸಾಲಾಗಿ ಕುಳಿತು ಆರು ಗಂಟೆಗಳ ಕಾಲ ಕತೆ ಹೇಳುತ್ತಾರೆ. ಪ್ರತಿ ಕತೆಯೂ ಅಜ್ಜಿಕತೆಯ ರೂಢಿಯ ಆರಂಭದಿಂದಲೇ ಶುರುವಾಗಬೇಕು. ಯಾರು ಬೇಕಾದರೂ ಯಾವ ಗಳಿಗೆಯಲ್ಲಾದರೂ ನಿಲ್ಲಿಸೆಂದು ಹೇಳಿ ತಮ್ಮ ಕತೆಯನ್ನು ತೊಡಗಬಹುದು. ಯಾವ ಕತೆಯೂ ಮುಗಿಯುವಂತಿಲ್ಲ. ಪ್ರೇಕ್ಷಕರು ಎದ್ದುಹೋಗಬಹುದು, ಮರಳಿ ಬರಬಹುದು. ರಾಜರ ಕತೆ, ಚಲನಚಿತ್ರದ ಕತೆ, ಅಶ್ಲೀಲ ಕತೆ, ಪತ್ರಿಕೆಯ ಸುದ್ದಿ ಎಲ್ಲವೂ ಈ ಸರಪಳಿಯಲ್ಲಿ ಕೊಂಡಿಗಳಾಗುತ್ತವೆ.

ಶೀರ್ಷಿಕೆಯು ‘ಸಾವಿರದ ಒಂದು ರಾತ್ರಿ’ಗಳನ್ನು ನೆನಪಿಸುತ್ತದೆ. ಶಹರಜಾದೆ ಕತೆಯನ್ನು ಅರ್ಧಕ್ಕೆ ನಿಲ್ಲಿಸುವುದು ಜೀವ ಉಳಿಸಿಕೊಳ್ಳಲು. ಈ ನಟರು ಒಬ್ಬರ ಕತೆಯನ್ನು ಒಬ್ಬರು ನಿಲ್ಲಿಸುವುದು ಆಟಕ್ಕಾಗಿ. ಅರಬ್ಬೀ ಲೋಕದ ಈ ಕಥನಸೂತ್ರವನ್ನು ಇಂಗ್ಲಿಷ್ ತಂಡವೊಂದು ಅರಬ್ಬೀ ಊರಿಗೇ ಹೊತ್ತೊಯ್ದಾಗ ಅದನ್ನು ವಸಾಹತುಶಾಹಿಯ ಹಳೆಯ ವ್ಯಾಪಾರವೆಂದು ಸಂದೇಹಿಸಲು ಅವಕಾಶವಿದೆ. ಆದರೆ ರಚನೆಯ ಕಡೆಗೆ ನೋಡಿದರೆ ಬೇರೊಂದು ಅಂಶ ಕಾಣುತ್ತದೆ. ಇಲ್ಲಿ ಯಾವ ಕತೆಗಾರನಿಗೂ ಪೂರ್ಣತೆಯ ಅಧಿಕಾರವಿಲ್ಲ. ಕತೆಯ ತುಣುಕು ತಪ್ಪಿಹೋದ ಪ್ರೇಕ್ಷಕನೂ ಎಲ್ಲವನ್ನೂ ಗ್ರಹಿಸಿದ ಪ್ರೇಕ್ಷಕನೂ ಕೊನೆಗೆ ಒಂದೇ ಸ್ಥಿತಿಯಲ್ಲಿರುತ್ತಾರೆ: ಇಬ್ಬರಿಗೂ ಅಂತ್ಯ ಸಿಗುವುದಿಲ್ಲ. ಅರಬ್ಬೀ, ಫ್ರೆಂಚ್, ಇಂಗ್ಲಿಷುಗಳ ನಡುವೆ ಬದುಕುವ ಬೈರೂತಿನಂತಹ ನಗರದಲ್ಲಿ ಭಾಷೆ ಅರೆಬರೆ ತಿಳಿದವನಿಗೂ ಈ ರಚನೆಯಲ್ಲಿ ಎಡೆಯಿದೆ. ಪರಭಾಷೆಯನ್ನು ಕೇಳುವವನ ಅನುಭವವೇ ತುಂಡುತುಂಡಾದ ಅನುಭವ. ನಾಟಕವು ಅದನ್ನು ಎಲ್ಲರಿಗೂ ಸಾಮಾನ್ಯವಾಗಿಸುತ್ತದೆ.

7. ದುಭಾಷಿಯ ಎದುರು: ‘ಇಂಗ್ಲೆಂಡ್’

ಈ ಪ್ರಶ್ನೆಯನ್ನು ಅತ್ಯಂತ ತೀಕ್ಷ್ಣವಾಗಿ ಎತ್ತುವ ಕೃತಿ ‘ಇಂಗ್ಲೆಂಡ್’. ಇದು ರಂಗಮಂದಿರಕ್ಕಾಗಿ ಬರೆದ ನಾಟಕವಲ್ಲ. ಕಲಾ ಗ್ಯಾಲರಿಗಳಿಗಾಗಿ ಬರೆದದ್ದು. 2007ರಲ್ಲಿ ಎಡಿನ್‌ಬರೋದ ಫ್ರೂಟ್‌ಮಾರ್ಕೆಟ್ ಗ್ಯಾಲರಿಯಲ್ಲಿ ಕ್ರೌಚ್ ಮತ್ತು ಹ್ಯಾನಾ ರಿಂಗಮ್ ಇದನ್ನು ಆಡಿದರು. ಮೊದಲ ಅಂಕದಲ್ಲಿ ಪ್ರೇಕ್ಷಕರು ಚಿತ್ರಗಳ ನಡುವೆ ನಿಂತಿರುತ್ತಾರೆ. ಇಬ್ಬರು ನಟರು ಗ್ಯಾಲರಿಯ ಮಾರ್ಗದರ್ಶಕರಂತೆ ಕಾಣಿಸಿಕೊಂಡು, ಹೃದ್ರೋಗದಿಂದ ಸಾವಿನ ಅಂಚಿನಲ್ಲಿರುವ ಒಂದೇ ಪಾತ್ರದ ಕತೆಯನ್ನು ಹಂಚಿಕೊಂಡು ಹೇಳುತ್ತಾರೆ. ಆ ಪಾತ್ರ ಗಂಡೋ ಹೆಣ್ಣೋ ನಿಶ್ಚಯವಾಗುವುದಿಲ್ಲ. ಅದರ ಸಂಗಾತಿ ಕಲಾಕೃತಿಗಳ ವ್ಯಾಪಾರಿ. ಎರಡನೆಯ ಅಂಕದ ಹೊತ್ತಿಗೆ ಪಾತ್ರಕ್ಕೆ ಹೊಸ ಹೃದಯ ಬಂದಿದೆ. ಅದು ಬೇರೊಂದು ದೇಶದ ವ್ಯಕ್ತಿಯ ಹೃದಯ. ಬದುಕಿದ ವ್ಯಕ್ತಿ ಆ ದೇಶಕ್ಕೆ ಹೋಗಿ, ಸತ್ತವನ ವಿಧವೆಗೆ ಕೃತಜ್ಞತೆ ಹೇಳಬಯಸುತ್ತದೆ. ಇಬ್ಬರ ನಡುವೆ ಸಾಮಾನ್ಯ ಭಾಷೆಯಿಲ್ಲ. ಆದ್ದರಿಂದ ದುಭಾಷಿ ಬೇಕು.

ಈ ಅಂಕದಲ್ಲಿ ವಿಧವೆಯ ಪಾತ್ರಕ್ಕೆ ನಟಿಯಿಲ್ಲ. ಒಬ್ಬ ನಟ ಇಂಗ್ಲೆಂಡಿನಿಂದ ಬಂದ ವ್ಯಕ್ತಿ, ಇನ್ನೊಬ್ಬರು ದುಭಾಷಿ. ದುಭಾಷಿ ವಿಧವೆಯೊಡನೆ ಮಾತಾಡುವಾಗ ತಿರುಗುವುದು ಪ್ರೇಕ್ಷಕರ ಕಡೆಗೆ. ಪ್ರೇಕ್ಷಕ ವರ್ಗವೇ ಆ ವಿಧವೆ. ಅವಳ ಮಾತು ನಮ್ಮ ಕಿವಿಗೆ ಬೀಳುವುದಿಲ್ಲ. ದುಭಾಷಿ ಇಂಗ್ಲಿಷಿನಲ್ಲಿ ಹೇಳಿದ್ದಷ್ಟೇ ಉಳಿಯುತ್ತದೆ. ಇಲ್ಲಿ ಎರಡು ಮಟ್ಟದ ಪಲ್ಲಟ ನಡೆಯುತ್ತದೆ. ನಾಟಕವು ಇಂಗ್ಲೆಂಡಿನಲ್ಲಿ ಪ್ರದರ್ಶಿತವಾದಾಗ, ಇಂಗ್ಲಿಷ್ ಬಲ್ಲ ಪ್ರೇಕ್ಷಕನನ್ನು ಇಂಗ್ಲಿಷ್ ಬಾರದವಳ ಸ್ಥಾನದಲ್ಲಿ ಕೂರಿಸುತ್ತದೆ. ತನ್ನ ಪರವಾಗಿ ಬೇರೆಯವರು ಮಾತಾಡುವುದನ್ನು ಸುಮ್ಮನೆ ಕೇಳಬೇಕಾದ ಇಕ್ಕಟ್ಟು ಅವನದಾಗುತ್ತದೆ. ಪರದೇಶದಲ್ಲಿ ಪ್ರದರ್ಶಿತವಾದಾಗ ಕಲ್ಪನೆ ಮತ್ತು ವಾಸ್ತವಗಳು ಹತ್ತಿರವಾಗುತ್ತವೆ. ಇಂಗ್ಲೆಂಡಿನಿಂದ ನಿಜವಾಗಿಯೂ ವಿಮಾನ ಹತ್ತಿ ಬಂದವರು, ನಿಜವಾಗಿಯೂ ಬೇರೆ ಭಾಷೆಯವರಾದ ಜನರ ಮುಂದೆ ನಿಂತು, ಕೃತಜ್ಞತೆಯ ಮಾತಾಡುತ್ತಿರುತ್ತಾರೆ.

ಹೃದಯ, ಕಲಾಕೃತಿ, ನಾಟಕ ಈ ಮೂರೂ ಗಡಿ ದಾಟುವ ವಸ್ತುಗಳು. ಮೂರಕ್ಕೂ ಬೆಲೆಯುಂಟು, ಮೂರರ ವಿನಿಮಯದಲ್ಲಿಯೂ ಒಂದು ಕಡೆ ಪಡೆಯುತ್ತದೆ, ಇನ್ನೊಂದು ಕಡೆ ಕಳೆದುಕೊಳ್ಳುತ್ತದೆ. ಬಂದವರಿಗೆ ಧನ್ಯವಾದ ಹೇಳಿ ಹಗುರಾಗುವ ಆಸೆ. ವಿಧವೆಯ ನಷ್ಟ ಆ ಧನ್ಯವಾದದ ಭಾಷೆಗೆ ಇಳಿಯುವುದಿಲ್ಲ. ಇದನ್ನು ಕೇವಲ ದುಭಾಷಿಯ ಅಸಾಮರ್ಥ್ಯವೆಂದು ತಿಳಿಯಲಾಗದು. ಪ್ರತಿ ಪದವೂ ಸರಿಯಾಗಿ ಅನುವಾದಗೊಂಡರೂ ದಾಟದೆ ಉಳಿಯುವುದೊಂದಿದೆ ಎಂಬುದನ್ನು ನಾಟಕ ತೋರಿಸುತ್ತದೆ. ಸಂಚಾರ ಮಾಡುವ ನಾಟಕವೊಂದು ತನ್ನ ಸಂಚಾರದ ನೈತಿಕತೆಯನ್ನೇ ಪ್ರಶ್ನಿಸಿಕೊಳ್ಳುವ ಉದಾಹರಣೆ ಇದು.

8. ಹಗುರತನದ ಅರ್ಥಶಾಸ್ತ್ರ

ಈ ವಾದಕ್ಕೆ ಒಂದು ಬಲವಾದ ಆಕ್ಷೇಪವನ್ನು ಒಡ್ಡಬಹುದು. ಈ ಪ್ರಯೋಗಗಳು ಹೀಗಿರಲು ಕಾರಣ ಸೌಂದರ್ಯಪ್ರಜ್ಞೆಯಲ್ಲ, ಖರ್ಚು. ಇಬ್ಬರು ನಟರು, ಕೆಲವು ಕುರ್ಚಿಗಳು, ರಂಗಸಜ್ಜಿಕೆಯಿಲ್ಲ. ಇಂತಹ ನಾಟಕವನ್ನು ಎಲ್ಲಿಗಾದರೂ ಸಾಗಿಸಬಹುದು. ಫೋರ್ಸ್ಡ್ ಎಂಟರ್‌ಟೈನ್‌ಮೆಂಟ್ 2015ರಲ್ಲಿ ಬರ್ಲಿನ್ನಿನಲ್ಲಿ ಆರಂಭಿಸಿದ ‘ಕಂಪ್ಲೀಟ್ ವರ್ಕ್ಸ್: ಟೇಬಲ್ ಟಾಪ್ ಶೇಕ್ಸ್‌ಪಿಯರ್’ನಲ್ಲಿ 36 ನಾಟಕಗಳನ್ನು ಒಂದು ಮೇಜು, ಉಪ್ಪಿನ ಡಬ್ಬಿ, ಬಾಟಲಿ, ಲೋಟಗಳಂತಹ ಮನೆಬಳಕೆಯ ವಸ್ತುಗಳ ನೆರವಿನಿಂದ ಒಬ್ಬೊಬ್ಬ ನಟ ಹೇಳಿ ಮುಗಿಸುತ್ತಾನೆ. ಬಡತನದ ಸೌಂದರ್ಯವು ಉತ್ಸವಗಳ ಮಾರುಕಟ್ಟೆಗೆ ಅನುಕೂಲವಾದ ಗುಣವೂ ಹೌದು. ಇದಕ್ಕೆ ಇಂಗ್ಲಿಷಿನ ಜಾಗತಿಕ ಸ್ಥಾನವನ್ನು ಸೇರಿಸಿದರೆ ಚಿತ್ರ ಪೂರ್ಣವಾಗುತ್ತದೆ. ಸಣ್ಣ ಭಾಷೆಯೊಂದರ ತಂಡ ಅನುವಾದವಿಲ್ಲದೆ ಲಂಡನ್ನಿಗೆ ಹೋಗಿ, ಅರ್ಥವಾಗದಿರುವುದೇ ತಮ್ಮ ವಸ್ತು ಎಂದರೆ ಅಷ್ಟೇ ಸಹನೆ ದೊರೆಯುವುದೇ ಎಂಬ ಪ್ರಶ್ನೆ ಸಹಜವಾದುದು.

ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಕಾರಣ ಆರ್ಥಿಕವಾಗಿದ್ದ ಮಾತ್ರಕ್ಕೆ ಪರಿಣಾಮ ಕಲಾತ್ಮಕವಾಗಬಾರದೆಂದಿಲ್ಲ. ಹಗುರತನವನ್ನು ಕೇವಲ ಅನುಕೂಲವಾಗಿ ಬಳಸುವ ಪ್ರಯೋಗಕ್ಕೂ ಆ ಅನುಕೂಲದ ಬೆಲೆಯನ್ನು ಯಾರು ತೆರುತ್ತಾರೆಂದು ಕೇಳುವ ಪ್ರಯೋಗಕ್ಕೂ ವ್ಯತ್ಯಾಸವಿದೆ. ‘ಇಂಗ್ಲೆಂಡ್’ ಎರಡನೆಯ ಬಗೆಯದು.

ಇತ್ತೀಚಿನ ಬೆಳವಣಿಗೆಗಳು ಈ ಹಗುರತನದ ಮಿತಿಯನ್ನೂ ತೋರಿಸಿವೆ. 2020ರಲ್ಲಿ ಸಾಂಕ್ರಾಮಿಕದ ಕಾರಣ ಎಡಿನ್‌ಬರೋ ಉತ್ಸವಗಳು ನಡೆಯಲಿಲ್ಲ. 2021ರ ಜನವರಿ 1ರಿಂದ ಬ್ರಿಟನ್ ಮತ್ತು ಯುರೋಪಿಯನ್ ಒಕ್ಕೂಟದ ನಡುವಣ ಮುಕ್ತ ಸಂಚಾರ ಕೊನೆಗೊಂಡಿತು. ಷೆಂಗೆನ್ ವಲಯದಲ್ಲಿ ವೀಸಾ ಇಲ್ಲದ ವಾಸ 180 ದಿನಗಳಲ್ಲಿ 90 ದಿನಕ್ಕೆ ಸೀಮಿತವಾಯಿತು. ಕೆಲಸದ ಅನುಮತಿ ಆಯಾ ದೇಶದ ನಿಯಮಕ್ಕೆ ಒಳಪಟ್ಟಿತು. ಸರಕಾಗಿ ಸಾಗಿಸುವ ರಂಗಪರಿಕರಗಳಿಗೆ ಸುಂಕದ ದಾಖಲೆಪತ್ರಗಳು ಅಗತ್ಯವಾದವು. ಕರೆಯದೆ ಬಂದವರಿಂದ ಹುಟ್ಟಿದ ರಂಗಭೂಮಿಗೆ ಈಗ ಕರೆ ಬಂದರೂ ಹೋಗುವುದು ಕಷ್ಟವಾಯಿತು. ಈ ಹೊಸ ಸ್ಥಿತಿಯಲ್ಲಿ ಬ್ರಿಟಿಷ್ ತಂಡಗಳು ಅನುಭವಿಸುತ್ತಿರುವುದು ಏಷ್ಯಾ, ಆಫ್ರಿಕಾಗಳ ಕಲಾವಿದರಿಗೆ ಬಹುಕಾಲದಿಂದ ಪರಿಚಿತವಾದ ಅನುಭವವೇ ಆಗಿದೆ.

9. ಸಮಾರೋಪ

‘ಆನ್ ಓಕ್ ಟ್ರೀ’ ಎಂಬ ಹೆಸರನ್ನು ಕ್ರೌಚ್ ಪಡೆದದ್ದು ಮೈಕೆಲ್ ಕ್ರೇಗ್-ಮಾರ್ಟಿನ್ ಎಂಬ ಕಲಾವಿದರ 1973ರ ಕೃತಿಯಿಂದ. ಗೂಡುಹಲಗೆಯ ಮೇಲೆ ಇಟ್ಟ ಒಂದು ಲೋಟ ನೀರು ಓಕ್ ಮರವಾಗಿದೆ ಎಂಬುದು ಆ ಕೃತಿಯ ಪ್ರತಿಪಾದನೆ. ಪ್ರದರ್ಶನಕ್ಕೆಂದು ಅದನ್ನು ಆಸ್ಟ್ರೇಲಿಯಾಕ್ಕೆ ಕಳುಹಿಸಿದಾಗ ಗಡಿಯ ಅಧಿಕಾರಿಗಳು ಸಸ್ಯವೆಂದು ತಡೆದರೆಂದೂ, ಅದು ಕೇವಲ ಲೋಟ ನೀರು ಎಂದು ತಾವು ವಿವರಿಸಬೇಕಾಯಿತೆಂದೂ ಕಲಾವಿದರು ಹೇಳಿಕೊಂಡಿದ್ದಾರೆ. ಗಡಿಯಲ್ಲಿ ಕಲೆಯು ತನ್ನನ್ನು ತಾನೇ ಅನುವಾದಿಸಿಕೊಳ್ಳಬೇಕಾಗುತ್ತದೆ; ಆ ಅನುವಾದದಲ್ಲಿ ಮರ ಹೋಗಿ ನೀರು ಉಳಿಯುತ್ತದೆ.

ಫ್ರಿಂಜ್ ರಂಗಭೂಮಿಯ ಮುಖ್ಯ ಪ್ರಯೋಗಗಳು ಈ ನಷ್ಟವನ್ನು ಅರಿತಿವೆ. ‘ಆನ್ ಓಕ್ ಟ್ರೀ’ ಅನುವಾದದ ಹೊರೆಯನ್ನು ಸ್ಥಳೀಯ ನಟನ ಹೆಗಲಿಗೆ ಏರಿಸುತ್ತದೆ, ಆದರೆ ಎಲ್ಲರ ಕಣ್ಣೆದುರಿಗೇ ಏರಿಸುತ್ತದೆ. ‘ಥೌಸಂಡ್ತ್ ನೈಟ್’ ಯಾರಿಗೂ ಕತೆಯನ್ನು ಪೂರ್ತಿ ಕೊಡದೆ ಹೊರೆಯನ್ನು ಸಮನಾಗಿ ಹಂಚುತ್ತದೆ. ‘ಇಂಗ್ಲೆಂಡ್’ ಆ ಹೊರೆಯನ್ನು ಬಂದವರ ಕಡೆಗೆ, ಇಂಗ್ಲಿಷಿನ ಕಡೆಗೆ ತಿರುಗಿಸುತ್ತದೆ. ಅನುವಾದ ಮತ್ತು ರೂಪಾಂತರಗಳ ಮೂಲಕ ಪರದೇಶದ ನಾಟಕವನ್ನು ಅರಿಯುತ್ತ ಬಂದ ಕನ್ನಡ ನಾಟಕಾಧ್ಯಯನಕ್ಕೆ ಈ ಪ್ರಯೋಗಗಳು ಒಂದು ಹೊಸ ಕೆಲಸವನ್ನು ಸೂಚಿಸುತ್ತವೆ. ನಾಟಕದಲ್ಲಿ ಏನು ಅನುವಾದಗೊಂಡಿತು ಎಂಬುದರ ಜೊತೆಗೆ, ಅನುವಾದಗೊಳ್ಳದೆ ಉಳಿದದ್ದನ್ನು ಯಾರು ಹೊತ್ತರು ಎಂಬುದನ್ನೂ ದಾಖಲಿಸುವುದು ಆ ಕೆಲಸ. ಅದಕ್ಕೆ ಮುದ್ರಿತ ಪಠ್ಯವೊಂದೇ ಸಾಲದು. ನಾಟಕ ಯಾವ ಊರಿನಲ್ಲಿ, ಯಾವ ಭಾಷೆಯವರ ಮುಂದೆ ನಡೆಯಿತು ಎಂಬುದೂ ಪಠ್ಯದ ಭಾಗವೆಂದು ಪರಿಗಣಿತವಾಗಬೇಕು.